ಹಾಜರಿ ಪುಸ್ತಕದ ಹದಿನೆಂಟನೇ ಹೆಸರು

ಯಡಿಯೂರು ಸಿದ್ಧಲಿಂಗೇಶ್ವರನ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಇದು ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನಾಳೆ ನಾನು ಹೊಡೆಯುವ ಬೆಲ್ಲು ಸದ್ದೇ ಮಾಡದಿರಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಇಂಥದ್ದನ್ನು ಕಟ್ಟಿ ಹೇಳುವಷ್ಟು ವಿದ್ಯೆ ನನಗೆಲ್ಲಿಂದ ಬರಬೇಕು?

ತೊಂಬತ್ತೊಂಬತ್ತನೇ ಇಸವಿಯ ಮಾತು. ತುಮಕೂರಿನಲ್ಲಿ ಶಿರಾ ಗೇಟ್ ಕಡೆಯ ಒಂದು ಕಾಲೇಜಿನಲ್ಲಿ ನಾನು, ರಂಗರಾಜು, ಅಟೆಂಡರ್ ಆಗಿದ್ದೆ. ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರಿಗಾಗಿ ಅಲ್ಲಿ ಯೂನಿವರ್ಸಿಟಿಯ ಒಂದು ಡಿಪ್ಲೊಮಾ ನಡೆಯುತ್ತಿತ್ತು, ಭಾನುವಾರ ಮಾತ್ರ. ವಿಷಯ, ಕಾರ್ಮಿಕ ಸಂಬಂಧ. ಮಾಲೀಕರೂ ಕಾರ್ಮಿಕರೂ ಜಗಳವಾಡಿದರೆ ಹೇಗೆ ರಾಜಿಯಾಗಬೇಕು ಅನ್ನುವ ಪಾಠ. ಹೇಳಿಕೊಡುತ್ತಿದ್ದವರು ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು. ಮೂಗಿಗೆ ನಶ್ಯ, ಜೇಬಿನಲ್ಲಿ ಹಸಿರು ಇಂಕಿನ ಪೆನ್ನು, ಬಾಯಲ್ಲಿ ನಿಯಮ.

ಮೊದಲ ದಿನವೇ ಮೇಜು ತಟ್ಟಿ ಹೇಳಿದ್ದರು. "ಕೇಳಿಸ್ಕೊಳ್ಳಿ. ನೂರಕ್ಕೆ ಎಪ್ಪತ್ತೈದು ಹಾಜರಿ ಇರ್ಬೇಕು. ಹತ್ತು ನಿಮಿಷ ಲೇಟಾದ್ರೆ ಆಬ್ಸೆಂಟ್. ಇಂಟರ್ನಲ್ಸ್ ಇಪ್ಪತ್ತು ಮಾರ್ಕು, ಹತ್ತು ಬಂದ್ರೆ ಪಾಸು. ಇಬ್ಬಿಬ್ರು ಜೋಡಿ. ಒಬ್ರು ಆಡಳಿತವರ್ಗ, ಒಬ್ರು ಕಾರ್ಮಿಕ. ನನ್ನೆದುರಿಗೆ ಕೂತು ಮಾತಾಡಿ ಒಪ್ಪಂದಕ್ಕೆ ಬರ್ಬೇಕು. ಇಬ್ರಿಗೂ ಒಂದೇ ಮಾರ್ಕು. ಒಬ್ರು ಮುಳುಗಿದ್ರೆ ಇನ್ನೊಬ್ರೂ ಮುಳುಗ್ದಂಗೇ."

"ಸಾರ್, ಮಧ್ಯದಲ್ಲಿ ಯಾರಾದ್ರೂ ಸತ್ರೆ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ಯಾರ್ ಸತ್ರೂ ನಿಯಮ ಸಾಯಲ್ಲ ಕಣಯ್ಯ."

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ.

ಕ್ಲಾಸಿನಲ್ಲಿದ್ದವರು ಹದಿನೇಳು ಜನ. ಹಾಜರಿ ಪುಸ್ತಕವನ್ನು ಬೆಂಚಿನಿಂದ ಬೆಂಚಿಗೆ ಒಯ್ದು ಸಹಿ ಹಾಕಿಸುವುದು ನನ್ನ ಕೆಲಸ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಸಹಿ ಹಾಕುವುದನ್ನು ಆಗತಾನೇ ಕಲಿತಿದ್ದೆ. ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ಕೊನೆಯ ಖಾಲಿ ಸಾಲಿನಲ್ಲಿ ವಾರವಾರವೂ ನನ್ನ ಹೆಸರನ್ನೂ ಬರೆದುಬಿಡುತ್ತಿದ್ದೆ.

ಇನ್ನೊಂದು ಕಾರಣವೂ ಇತ್ತು. ನನ್ನ ಸಾಲಿನ ಮೇಲಿನ ಸಾಲು, ಹದಿನೇಳನೆಯದು, ಮಂಗಳಗೌರಿಯದು.

ಗುಬ್ಬಿಯ ಹುಡುಗಿ. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ. ಬೆರಳ ತುದಿಯಲ್ಲಿ ಯಾವಾಗಲೂ ನೀಲಿ ಇಂಕಿನ ಕಲೆ. ಸಹಿ ಹಾಕಿ ಪುಸ್ತಕ ಹಿಂದಕ್ಕೆ ಕೊಡುವಾಗ ಮೊದಲು ಪುಸ್ತಕ ನೋಡುತ್ತಿದ್ದಳು, ಆಮೇಲೆ ನನ್ನ ಕೈ, ಆಮೇಲೆ ನನ್ನ ಮುಖ. ಮೂರನೆಯದಕ್ಕೆ ಬರುವಷ್ಟರಲ್ಲಿ ಒಂದು ಹುಬ್ಬು ಮೇಲೇರಿರುತ್ತಿತ್ತು. ಕ್ಲಾಸಿನ ಹೆಂಗಸರೆಲ್ಲ ನನ್ನನ್ನು ರಂಗರಾಜಣ್ಣ ಅನ್ನುತ್ತಿದ್ದರು. ಅವಳೊಬ್ಬಳು ಮಾತ್ರ "ರೀ ರಂಗರಾಜು" ಎನ್ನುತ್ತಿದ್ದಳು. ಅಣ್ಣ ಅನ್ನದಿರುವುದರಲ್ಲಿ ಎಷ್ಟು ಅರ್ಥವಿದೆ ಎಂದು ಲೆಕ್ಕ ಹಾಕುತ್ತಾ ನಾನು ಎಷ್ಟೋ ಸಲ ಬೆಲ್ಲು ಹೊಡೆಯುವುದನ್ನೇ ಮರೆತೆ.

ಹದಿನಾರು ಜನ ಜೋಡಿ ಜೋಡಿಯಾಗಿ ಮಾತುಕತೆ ಮುಗಿಸಿದರು. ಒಂಟಿಯಾಗಿ ಉಳಿದವಳು ಮಂಗಳಗೌರಿ. ಅವಳಿಗೊಂದು ಜೋಡಿ ಹುಡುಕುತ್ತೇನೆ ಎಂದಿದ್ದ ಮೇಷ್ಟ್ರು ಒಂದು ಗುರುವಾರ ಎದೆ ಹಿಡಿದುಕೊಂಡು ತೀರಿಹೋದರು.

ಮುಂದಿನ ಭಾನುವಾರ ಕಾಲೇಜು ಪೂರ್ತಿ ಖಾಲಿ. ಅವಳೊಬ್ಬಳೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು.

"ಈ ತಿಂಗಳು ಮಾರ್ಕ್ಸ್ ಹೋಗ್ದಿದ್ರೆ ನಾನು ಫೇಲು ಕಣ್ರೀ," ಎಂದಳು. "ಪಾಸಾದ್ರೆ ಫ್ಯಾಕ್ಟರೀಲಿ ವೆಲ್‌ಫೇರ್ ಅಸಿಸ್ಟೆಂಟ್ ಮಾಡ್ತಾರೆ. ಆಗ ಮದ್ವೆ ನನ್ನಿಷ್ಟ ಅಂತ ಅಪ್ಪ ಮಾತು ಕೊಟ್ಟವ್ರೆ. ಫೇಲಾದ್ರೆ ಕುಣಿಗಲ್ ಗಂಡು. ಅವನಿಗೆ ನನಗಿಂತ ಎರಡೇ ವರ್ಷ ಚಿಕ್ಕ ಮಗಳವಳೆ."

ನೀರು ಕೊಡೋಣವೆಂದು, ಭಾನುವಾರದ ಪಾಠ ನಡೆಯುತ್ತಿದ್ದ ಒಂಬತ್ತನೇ ನಂಬರಿನ ಕ್ಲಾಸ್‌ರೂಮಿನ ಬೀಗ ತೆಗೆದೆ.

ಹೊರಗೆ ಏಪ್ರಿಲ್ ಬಿಸಿಲು ಉರಿಯುತ್ತಿತ್ತು. ಒಳಗೆ ಬಾವಿಯೊಳಕ್ಕೆ ಇಳಿದಂತೆ ತಣ್ಣಗಿತ್ತು. ನಶ್ಯದ ವಾಸನೆ. ಬೀರುವಿನಲ್ಲಿ ನಾನೇ ಕೈಯಾರೆ ಇಟ್ಟಿದ್ದ ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅದರಲ್ಲಿ ಹಸಿರು ಅಕ್ಷರ. ಮಂಗಳಗೌರಿ ಓದಿದಳು, ಅವಳ ದನಿ ಸಾಲುಸಾಲಿಗೂ ಇಳಿಯುತ್ತಾ ಹೋಯಿತು.

"ಹದಿನೇಳು, ಮಂಗಳಗೌರಿ, ಆಡಳಿತವರ್ಗ. ಹದಿನೆಂಟು, ರಂಗರಾಜು, ಕಾರ್ಮಿಕ. ಇಂದು ಹನ್ನೆರಡು ಗಂಟೆಗೆ."

ನಾನು ಮುಟ್ಟಿ ನೋಡಿದೆ. ಇಂಕು ಇನ್ನೂ ಹಸಿಯಾಗಿತ್ತು.

"ನೀವ್ಯಾವಾಗ ಸ್ಟೂಡೆಂಟ್ ಆದ್ರಿ?"

"ಕೊನೇ ಸಾಲಲ್ಲಿ ಸುಮ್ನೆ ಹೆಸ್ರು ಬರೀತಿದ್ದೆ ಮೇಡಂ, ಕೈ ತಿದ್ಕೊಳ್ಳಾಕೆ. ಮೇಷ್ಟ್ರು ಅದನ್ನ ನಿಜ ಅಂದ್ಕೊಂಡವ್ರೆ."

ಮೇಜಿನ ಹಿಂದಿನ ಕುರ್ಚಿ ಖಾಲಿ ಇತ್ತು. ಆದರೆ ನೆಲದ ಮೇಲೆ ಬಿದ್ದ ಅದರ ನೆರಳಿನಲ್ಲಿ ಒಬ್ಬರು ಕೂತಿದ್ದರು.

"ನಿಮ್ಗೆ ಭಯ ಆಗಲ್ವಾ?" ಎಂದು ಅವಳು ಪಿಸುಗುಟ್ಟಿದಳು.

"ಬದುಕಿದ್ದಾಗ್ಲೇ ಇದಕ್ಕಿಂತ ಜಾಸ್ತಿ ಹೆದರಿಸ್ತಿದ್ರು, ಬುಡಿ," ಎಂದೆ. ಆದರೂ ಓಡಲು ಬೇಕಾದೀತೆಂದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ.

ಎದುರುಬದುರು ಕೂತೆವು. ಅವಳು ಸೆರಗು ಸರಿಮಾಡಿಕೊಂಡು, ದನಿ ಗಟ್ಟಿ ಮಾಡಿಕೊಂಡು ಆಡಳಿತವರ್ಗವಾದಳು.

"ನಿಮ್ಮ ಬೇಡಿಕೆ ಏನು?"

"ಯೂನಿಫಾರಂ ಎರಡು ಜೊತೆ ಬೇಕು."

"ಒಂದು ಜೊತೆ."

"ಒಂದೂವರೆ."

"ಅರ್ಧ ಯೂನಿಫಾರಂ ಅಂದ್ರೆ ಪ್ಯಾಂಟೋ, ಶರಟೋ?"

"ಶರಟು ಕೊಡಿ ಮೇಡಂ. ಪ್ಯಾಂಟು ನಾನು ಹೆಂಗೋ ನೋಡ್ಕತೀನಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಖಾಲಿ ಕುರ್ಚಿಯಿಂದ ಒಂದು ಸೀನು ಕೇಳಿಸಿತು.

ಒಪ್ಪಂದ ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದೆವು. ಮುಚ್ಚಿದ ಪುಸ್ತಕದೊಳಗೆ ನಿಬ್ಬು ಕಿರ್ರೆಂದು ಓಡಿತು. ತೆರೆದರೆ, ಇಪ್ಪತ್ತಕ್ಕೆ ಒಂಬತ್ತು. ಕೆಳಗೆ ಹೀಗಿತ್ತು: "ಕಾರ್ಮಿಕ ತನ್ನ ನಿಜವಾದ ಬೇಡಿಕೆ ಮುಚ್ಚಿಟ್ಟಿದ್ದಾನೆ. ಆಡಳಿತವರ್ಗಕ್ಕೆ ಅದು ಗೊತ್ತಿದ್ದೂ ಕೇಳಿಲ್ಲ. ಇದು ಶುದ್ಧ ಮನಸ್ಸಿನ ಮಾತುಕತೆ ಅಲ್ಲ. ಮುಂದಿನ ಭಾನುವಾರ ಕೊನೆಯ ಅವಕಾಶ."

ಅವಳು ಓದಿ ಮುಗಿಸಿ ನನ್ನ ಕಡೆ ನೋಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಗುಬ್ಬಿ ಬಸ್ಸಿಗೆ ಹೋದಳು.

ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಪಾಸಿಗೆ ಬೇಕಾದದ್ದು ಇನ್ನು ಒಂದು ಮಾರ್ಕು. ನಾನು ಬಾಯಿ ಬಿಟ್ಟರೆ ಅವಳು ನಗಬಹುದು, ಬೈಯಬಹುದು. ಬಿಡದಿದ್ದರೆ ಕುಣಿಗಲ್ಲಿಗೆ ಸೊಸೆಯಾಗಿ ಹೋಗುತ್ತಾಳೆ.

ಭಾನುವಾರ ಹನ್ನೆರಡು. ಅದೇ ಚಳಿ, ಅದೇ ನಶ್ಯ. ಈ ಸಲ ನೆರಳು ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿತ್ತು.

"ಹೇಳ್ರೀ ರಂಗರಾಜು. ಅವ್ರು ಕಾಯ್ತಾವ್ರೆ."

"ಹೇಳಿದ್ರೆ ನಿಮ್ಮಪ್ಪ ನನ್ ಕಾಲು ಮುರೀತಾರೆ."

"ಹೇಳ್ದಿದ್ರೆ ನಾನು ಮುರೀತೀನಿ."

ಬೋರ್ಡಿನ ಮೇಲೆ ಚಾಕ್‌ಪೀಸು ತಾನಾಗಿಯೇ ಟಕ್ ಟಕ್ ಎಂದು ಬಡಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ನಂಗೆ ನೀವು ಬೇಕು. ಭಾನುವಾರ ನೀವು ಬರ್ತೀರ ಅಂತ್ಲೇ ನಂಗೆ ವಾರ ಕಳೆಯೋದು. ಓದು ಬರ್ಹ ನಂಗೆ ಅಷ್ಟಕ್ಕಷ್ಟೇ. ನಿಮ್ ಹೆಸ್ರು ಮಾತ್ರ ತಪ್ಪಿಲ್ದೆ ಓದ್ತೀನಿ."

ಕಣ್ಣು ಬಿಟ್ಟರೆ ಅವಳು ಪುಸ್ತಕ ನೋಡಲಿಲ್ಲ, ನನ್ನ ಕೈ ನೋಡಲಿಲ್ಲ. ನೇರವಾಗಿ ಮುಖ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಆಡಳಿತವರ್ಗದ್ದೂ ಮೂರು ಷರತ್ತಿದೆ," ಎಂದಳು. "ನಾನು ಕೆಲ್ಸ ಬಿಡಲ್ಲ. ನೀನು ನನ್ನ ಮೇಡಂ ಅನ್ನಂಗಿಲ್ಲ. ಮೂರ್ನೇದು, ನಮ್ಮಪ್ಪನ ಹತ್ರ ನೀನೇ ಬಂದು ಕೇಳ್ಬೇಕು. ಮೂಲೇಲಿ ನಿಂತ್ಕೊಂಡಲ್ಲ, ಕುರ್ಚಿ ಮೇಲೆ ಕೂತ್ಕೊಂಡು."

"ಒಪ್ಪಿದೆ ಮೇ..."

"ಏನಂದೆ?"

"ಒಪ್ಪಿದೆ, ಗೌರಿ."

ಷರತ್ತುಗಳನ್ನು ಒಂದು ಕಾಗದಕ್ಕಿಳಿಸಿ ಇಬ್ಬರೂ ಸಹಿ ಹಾಕಿದೆವು. ಇಂಕಿನ ಕಲೆಯ ಬೆರಳು ಮೇಜಿನ ಮೇಲೆ ಸರಿದು ಬಂದು ನನ್ನ ಬೆರಳನ್ನು ಮುಟ್ಟಿ ನಿಂತಿತು. ನೆರಳು ಎದ್ದಿತು. ಪಂಚೆ ಸರಿಮಾಡಿಕೊಂಡು, ನಮ್ಮಿಬ್ಬರ ನಡುವೆ ಹಾದು, ಬಾಗಿಲ ಬಿಸಿಲಿಗೆ ಇಳಿದು ಕರಗಿಹೋಯಿತು. ಅದು ಹಾದಾಗ ಅವಳ ಕೈ ಮಂಜುಗಡ್ಡೆಯಾಯಿತು, ಆದರೆ ಅವಳು ಕೈ ತೆಗೆಯಲಿಲ್ಲ. ಪುಸ್ತಕದಲ್ಲಿ ಹತ್ತೊಂಬತ್ತು ಬಿದ್ದಿತ್ತು. ಒಂದು ಮಾರ್ಕು, ತಡವಾಗಿ ಬಾಯಿ ಬಿಟ್ಟಿದ್ದಕ್ಕೆ ಕಡಿತ.

ಸೋಮವಾರ ಆಫೀಸಿನ ಗುಂಡಯ್ಯನವರು ಪುಸ್ತಕ ನೋಡಿದರು. "ಪಾಪ, ಸಾಯೋಕ್ ಮುಂಚೆ ಎಲ್ಲಾ ಮುಗ್ಸವ್ರೆ," ಎಂದರು. ಆಮೇಲೆ ತಾರೀಖಿನ ಮೇಲೆ ಕಣ್ಣು ಬಿತ್ತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. "ಲೇ ರಂಗ, ನಾನು ಏನೂ ನೋಡಿಲ್ಲ ಕಣ್ಲಾ," ಎಂದು ಮಾರ್ಕ್ಸ್ ಪಟ್ಟಿಗೆ ಸೀಲು ಒತ್ತಿ ಯೂನಿವರ್ಸಿಟಿಗೆ ಕಳಿಸಿಬಿಟ್ಟರು.

ಗೌರಿ ಪಾಸಾದಳು, ವೆಲ್‌ಫೇರ್ ಅಸಿಸ್ಟೆಂಟ್ ಆದಳು. ನಾನು ಗುಬ್ಬಿಗೆ ಹೋಗಿ, ಅವಳಪ್ಪ ಹೊನ್ನಯ್ಯನವರ ಎದುರಿಗಿದ್ದ ಕುರ್ಚಿಯಲ್ಲಿ ಕೂತೆ.

"ಏನ್ಲಾ, ಕೂತೇ ಬುಟ್ಟೆ?"

"ಷರತ್ತು, ಯಜಮಾನ್ರೇ."

"ಏನ್ ಓದಿದೀಯಾ?"

"ಯೂನಿವರ್ಸಿಟಿ ಪರೀಕ್ಷೇಲಿ ಇಪ್ಪತ್ತಕ್ಕೆ ಹತ್ತೊಂಬತ್ತು."

ಬಾಗಿಲ ಹಿಂದೆ ಯಾರೋ ನಗು ತಡೆಯಲಾರದೆ ಲೋಟ ಬೀಳಿಸಿದರು. ಹೊನ್ನಯ್ಯನವರು ನನ್ನನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿ, ಒಳಗೆ ಕೂಗಿ ಹೇಳಿದರು: "ಇವನಿಗೂ ಒಂದು ಲೋಟ ಕಾಫಿ ತಾರಮ್ಮ, ಕೂತವ್ನಂತೆ."

ಅದಾಗಿ ಹತ್ತು ವರ್ಷವಾಯಿತು. ಸುಖವಾಗಿದ್ದೇವೆ. ಒಂದೇ ಒಂದು ಕೊರತೆ. ಇಂಥ ಒಪ್ಪಂದಕ್ಕೆ ಇಬ್ಬರು ಸಾಕ್ಷಿ ಬೇಕು ಎಂದು ಗೌರಿ ಈಗ ಹೇಳುತ್ತಾಳೆ. ಆ ಕಾಗದದಲ್ಲಿ ಒಂದು ಸಾಕ್ಷಿ ಮೇಷ್ಟ್ರ ಹಸಿರು ಇಂಕಿನಲ್ಲಿದೆ, ಇನ್ನೊಂದು ಜಾಗ ಖಾಲಿ. ಪೂರ್ತಿ ಕೇಳಿದವರು ಯಾರೂ ಸಿಕ್ಕಿರಲಿಲ್ಲ, ಖಾಲಿ ಕುರ್ಚಿ ಸೀನಿತು ಅನ್ನುವಷ್ಟರಲ್ಲೇ ಎಲ್ಲರೂ ಎದ್ದು ಓಡುತ್ತಿದ್ದರು. ನೀವು ಕೊನೆಯವರೆಗೂ ಕೂತಿರಿ, ದೊಡ್ಡವರು. ತಗೊಳ್ಳಿ ಪೆನ್ನು. ನಿಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿ. ಹಾಗೇ ಪಕ್ಕದಲ್ಲಿ, ಈ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನೀವು ಎಲ್ಲಿರುತ್ತೀರಿ ಅನ್ನುವುದನ್ನೂ ಸ್ವಲ್ಪ ಬಿಡಿಸಿ ಬರೆದುಬಿಡಿ.