ಒಂದು ಬೇಜಾರಿನ ಎರಡು ಅರ್ಥ

ಬಾಗಿಲ ಕಡೆ ತಿರುಗಿದವಳ ಕೈಯಲ್ಲಿದ್ದ ಗಾಜು ಜಾರಲಿಲ್ಲ. ಜಾರಿದ್ದು ಎದೆ!

ಅವನೇ... ಬೋರ್ಡು ಬರೆಯುವವನು. ಎರಡೂ ಮನೆಯವರು ಒಪ್ಪಿ, ಮದುವೆಯ ಮಾತು ಮುಗಿದ ಮೇಲೆ ಅವಳು ಕಳೆದುಕೊಂಡಿದ್ದ ಹುಡುಗ.

“ಅಜ್ಜಿ ಫೋಟೋಗೆ ಫ್ರೇಮ್ ಹಾಕಿಸ್ಬೇಕಿತ್ತು,” ಎಂದ. “ಬದುಕಿರೋವಾಗಲೇ ಗೋಡೆ ಮೇಲೆ ನೋಡ್ಕೋಬೇಕಂತೆ. ಸತ್ತ ಮೇಲೆ ನೀವೆಲ್ಲ ಓರೆಯಾಗಿ ತಗುಲಿ ಹಾಕ್ತೀರ ಅಂತ ಹಟ.”

ಅವಳಿಗೆ ನಗು ಬಂತು. ನುಂಗಿಕೊಂಡಳು.

“ಬೇರೆ ಅಂಗಡಿ ಸಿಗ್ಲಿಲ್ವಾ?”

“ಸಿಕ್ತು... ಒಳಗೆ ಹೋಗ್ಲಿಲ್ಲ.”

ಅವಳು ಮರದ ಪಟ್ಟಿ ಅಳೆದಳು. ಅಳತೆ ನೆನಪಿರಲಿಲ್ಲ, ಮತ್ತೆ ಅಳೆದಳು.

ಈ ಫ್ರೇಮ್ ಅಂಗಡಿಯನ್ನು ಅವಳೂ ಅಕ್ಕನೂ ಸೇರಿ ತೆರೆದ ದಿನ, ಬರೆದುಕೊಡುತ್ತೇನೆಂದಿದ್ದ ಬೋರ್ಡನ್ನು ಅವನು ತಂದಿರಲಿಲ್ಲ. ಬಣ್ಣ ಒಣಗಿರಲಿಲ್ಲವಂತೆ. ಬಂದವರೆಲ್ಲರ ಎದುರು ಅವಳು ರೇಗಿದ್ದಳು. ಅವನು ತಲೆ ತಗ್ಗಿಸಿ, “ನಂಗೆ ತುಂಬಾ ಬೇಜಾರಾಗ್ಬಿಟ್ಟಿದೆ,” ಎಂದಿದ್ದ.

ನನ್ನಿಂದ ಬೇಜಾರಾ? ಇಷ್ಟು ಬೇಗ?

“ಬೇಜಾರಾಗಿದ್ರೆ ಬಿಟ್ಬಿಡಿ!” ಎಂದುಬಿಟ್ಟಿದ್ದಳು. ಅವನು ಹೊರಟೇಹೋಗಿದ್ದ.

ಮಾನ ಉಳಿಸಿಕೊಂಡೆ ಎಂದು ಅವಳು ಹೆಮ್ಮೆಪಟ್ಟಿದ್ದಳು. ಅಕ್ಕ ಮಾತ್ರ, “ಸೋಲಲಿಲ್ಲ, ಸರಿ ಕಣೇ. ಗೆದ್ದು ಏನು ಹೊತ್ಕೊಂಡು ಬಂದೆ?” ಎಂದು ಕೇಳಿದ್ದಳು.

ಹೆಮ್ಮೆಗೆ ನಾಲ್ಕು ಜನ ನೋಡುವವರು ಬೇಕು. ಪಶ್ಚಾತ್ತಾಪಕ್ಕೆ ಯಾರೂ ಬೇಡ. ಅದು ದಿನವೂ ಅವಳ ಪಕ್ಕದಲ್ಲೇ ಕೂತು ಗಾಜು ಒರೆಸುತ್ತಿತ್ತು.

ಫ್ರೇಮ್ ಸಿದ್ಧವಾಯಿತು. ಕೊಟ್ಟರೆ ಅವನು ಹೋಗುತ್ತಾನೆ. ಮತ್ತೆ ಬರಲು ನೆಪವೇ ಇರುವುದಿಲ್ಲ. ಕೇಳಿದರೆ ತಾನು ಸೋತಂತೆ...

ಸೋತರೆ ಸೋತೆ!

“ಆವತ್ತು ಬೇಜಾರು ಅಂದ್ರಲ್ಲ... ಯಾರ ಮೇಲೆ?”

“ನನ್ನ ಮೇಲೇ! ನಿಮ್ಮ ಅಂಥಾ ದಿನಾನ ಹಾಳು ಮಾಡ್ಬಿಟ್ನಲ್ಲ ಅಂತ.” ಅವನು ಬೆರಗಾಗಿ ನೋಡಿದ. “ನೀವೇನು ಅಂದ್ಕೊಂಡ್ರಿ?”

“ನಾನು ಸಾಕಾದೆ ಅಂತ...”

“ಅಯ್ಯೋ!”

“ಆಗಲೇ ಬಿಡಿಸಿ ಹೇಳ್ಬಾರ್ದಿತ್ತಾ?”

“ಅಷ್ಟು ಜನರ ಮುಂದೆ ಬಿಟ್ಬಿಡಿ ಅಂದ್ರಿ. ನಂಗೂ ರೋಷ ಬಂತು. ಮನೆ ಮುಟ್ಟೋಷ್ಟರಲ್ಲಿ ಇಳಿದೂ ಹೋಯ್ತು. ಆದ್ರೆ ವಾಪಸ್ ಬರೋಕೆ ಮುಖ ಇರ್ಲಿಲ್ಲ.”

ಅವಳು ತಲೆ ಎತ್ತಿದಳು. “ತಪ್ಪು ನಂದು.”

ಅಷ್ಟು ಪುಟ್ಟ ಮಾತನ್ನು ಇಷ್ಟು ದಿನ ಹೊತ್ತುಕೊಂಡಿದ್ದಳು. ಆದರೆ ಹೇಳಿದ ಮೇಲೆ... ಎಷ್ಟು ಹಗುರ!

“ನಂದೂ ಇದೆ,” ಎಂದ ಅವನು. ಸ್ವಲ್ಪ ತಡೆದು, “ಹಾಗಾದ್ರೆ... ನನ್ನ ಮದುವೆ ಆಗ್ತೀರಾ?”

“ಹೂಂ...”

ಒಳಗೆ ರಟ್ಟು ಕತ್ತರಿಸುತ್ತಿದ್ದ ಅಕ್ಕ ಕೂಗಿದಳು. “ಬಾಯಿ ಬಿಟ್ಟು ಹೇಳೇ! ಅದಕ್ಕೂ ಇನ್ನೇನೋ ಅರ್ಥ ಮಾಡ್ಕೊಂಡ್ಬಿಟ್ಟಾರು!”

“ಆಗ್ತೀನಿ!” ಬೀದಿಗೇ ಕೇಳುವಂತೆ ಹೇಳಿ, ನಾಚಿ ನಿಂತಳು.

ಅವನು ಹತ್ತಿರ ಬಂದು ಮೆಲ್ಲನೆ, “ಹೂಂ ಅಂದಾಗಲೇ ಅರ್ಥ ಆಗಿತ್ತು,” ಎಂದ.

“ಮತ್ತೆ ಸುಮ್ನೆ ನಿಂತಿದ್ರಲ್ಲ?”

“ನಿಮ್ಮ ಬಾಯಲ್ಲಿ ಇನ್ನೊಂದ್ಸಲ ಕೇಳೋಣ ಅನ್ನಿಸ್ತು.”