ದೇವೀರಿ ಆಡಿದ ಮಾತು, ಬೂಚಯ್ಯನ ಹುಲ್ಲು

ಗಿಳಿಗಳ ಕೊಕ್ಕಿಗೆ ಇನ್ನೂ ಕೆಂಪು ಬಂದಿರದ ಕಾಲ. ಬೇಸರವಾದರೆ ಬೆಟ್ಟಗಳು ಎದ್ದು ಜಾಗ ಬದಲಾಯಿಸುತ್ತಿದ್ದ ಕಾಲ. ಆಗ ತುಂಬೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ರಾಜನಿದ್ದ, ರಾಣಿಯಿದ್ದಳು, ಏಳು ಉಪ್ಪರಿಗೆಯ ಅರಮನೆ ಇತ್ತು. ಅವರಿಗೂ ಈ ಕತೆಗೂ ಏನೂ ಸಂಬಂಧವಿಲ್ಲ, ಅವರ ಪಾಡಿಗೆ ಅವರನ್ನು ಬಿಡೋಣ.

ತುಂಬೆನಾಡಿನಲ್ಲಿ ಎಂಥ ಬಡವರ ಮನೆಯ ಮುಂದೆಯೂ ಒಂದು ಹುಲ್ಲಂಗಳ ಇರುತ್ತಿತ್ತು. ಗರಿಕೆ ಹಬ್ಬಿಸಿ, ಕಳೆ ಕಿತ್ತು, ಒಂದೇ ಎತ್ತರಕ್ಕೆ ಕತ್ತರಿಸಿ, ಬಿಂದಿಗೆಯಲ್ಲಿ ನೀರು ಹೊತ್ತು ಅದನ್ನು ಸಾಕುತ್ತಿದ್ದರು. ಅದಕ್ಕೆ ಕಾರಣವಿತ್ತು. ವರ್ಷಕ್ಕೊಮ್ಮೆ ಚೈತ್ರದ ಹುಣ್ಣಿಮೆಯ ದಿನ, ನಡುಮಧ್ಯಾಹ್ನಕ್ಕೆ, ಆಕಾಶದಿಂದ ಒಂದು ಬೆಳ್ಳಿ ಜಿಂಕೆ ಇಳಿದು ಬರುತ್ತಿತ್ತು. ಬೀದಿ ಬೀದಿಗೂ ಹೋಗಿ, ಆ ಬೀದಿಯಲ್ಲಿ ಯಾರ ಹುಲ್ಲು ಎಲ್ಲರದಕ್ಕಿಂತ ಚೆನ್ನಾಗಿದೆಯೋ ಅವರ ಅಂಗಳದಲ್ಲಿ ಒಂದು ಗಳಿಗೆ ಮಲಗಿ ಎದ್ದು ಹೋಗುತ್ತಿತ್ತು. ಚಿನ್ನ ಕೊಡುತ್ತಿತ್ತೇ? ಇಲ್ಲ. ವರ ಕೊಡುತ್ತಿತ್ತೇ? ಅದೂ ಇಲ್ಲ. ಜಿಂಕೆ ಮಲಗಿದ ಮನೆಯವರು ಒಂದು ವರ್ಷ ತಲೆಯೆತ್ತಿಕೊಂಡು ಓಡಾಡುತ್ತಿದ್ದರು, ಅಷ್ಟೇ. ಮನುಷ್ಯರಿಗೆ ಅಷ್ಟು ಸಾಲದೇ? ಜಿಂಕೆಯದು ಒಂದೇ ಕಟ್ಟುನಿಟ್ಟು. ಹುಲ್ಲಿಗೆ ಅದರ ಒಡೆಯರೇ ನೀರು ಹಾಕಿರಬೇಕು. ಬೇರೆಯವರ ಕೈಯ ನೀರು ಕುಡಿದ ಹುಲ್ಲಿನತ್ತ ಅದು ತಿರುಗಿಯೂ ನೋಡುತ್ತಿರಲಿಲ್ಲ.

ಊರ ಕೊನೆಯ ಬೀದಿಯಲ್ಲಿ ಎರಡೇ ಮನೆ. ಒಂದರಲ್ಲಿ ಬುಟ್ಟಿ ಹೆಣೆಯುವ ದೇವೀರಿ ಇದ್ದಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇನ್ನೊಂದರಲ್ಲಿ ಎಣ್ಣೆ ಗಾಣದ ಬೂಚಯ್ಯ, ಅವನ ಹೆಂಡತಿ ಪುಟ್ಟಗೌರಿ. ಎರಡೂ ಅಂಗಳದ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಬಿದಿರು ಸೀಳಿ ಪಳಗಿದ ದೇವೀರಿಯ ಕತ್ತಿ ಹುಲ್ಲನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕತ್ತರಿಸುತ್ತಿತ್ತು. ಬೂಚಯ್ಯನಿಗೆ ಗಾಣದ ಹಿಂಡಿ ಇತ್ತು. ಅದನ್ನು ಪುಡಿ ಮಾಡಿ ಹಾಕಿ ಹಾಕಿ ಅವನ ಹುಲ್ಲು ಮೈ ತುಂಬಿಕೊಂಡಿತ್ತು.

ಇಪ್ಪತ್ತೆರಡು ವರ್ಷ ಇಬ್ಬರೂ ದಿನಾ ಬೆಳಗ್ಗೆ ಗೋಡೆಗೆ ಒರಗಿ ಒಬ್ಬರ ಹುಲ್ಲನ್ನು ಇನ್ನೊಬ್ಬರು ಹಳಿದದ್ದೇ ಹಳಿದದ್ದು. ರಾತ್ರಿ ಎಮ್ಮೆ ಮಲಗಿತ್ತೇ ಎಂದು ಅವನು ಕೇಳುವನು. ಹಿಂಡಿಯ ನಾತಕ್ಕೆ ಜಿಂಕೆ ಮೂಗು ಮುಚ್ಚಿಕೊಂಡು ಬರಬೇಕಾಗುತ್ತದೆ ಎಂದು ಇವಳು ಹೇಳುವಳು. ಕಳೆಯನ್ನು ಕತ್ತರಿಸುತ್ತೀಯಲ್ಲ, ಗಡ್ಡೆ ಯಾರು ಕೀಳುತ್ತಾರೆ ಎಂದು ಅವನು. ಅಂಚಿನಲ್ಲಿ ಹುಳಿಸೊಪ್ಪು ಬಿಟ್ಟುಕೊಂಡು ಹುಲ್ಲಂಗಳ ಅನ್ನುತ್ತೀಯಲ್ಲ ಎಂದು ಇವಳು. ಪುಟ್ಟಗೌರಿಗೆ ಹುಳಿಸೊಪ್ಪಿನ ಸಾರು ಇಷ್ಟ, ಅದಕ್ಕೇ ಅವನು ಅದನ್ನು ಕೀಳುತ್ತಿರಲಿಲ್ಲ. ಒಮ್ಮೆ ದೇವೀರಿಗೆ ಜ್ವರ ಬಂದಾಗ ಅವನು ಗೋಡೆಯ ಮೇಲೆ ಗಂಜಿಯ ಪಾತ್ರೆ ಇಟ್ಟು, ಹುಲ್ಲು ಒಣಗುತ್ತಿದೆ, ಬೇಗ ಏಳು ಎಂದಿದ್ದ. ಅವರ ಅಕ್ಕರೆಯೂ ಹುಲ್ಲಿನ ಮಾತಿನಲ್ಲೇ ಬರಬೇಕಿತ್ತು. ಹೊಗಳುವುದಂತೂ ಇಲ್ಲವೇ ಇಲ್ಲ. ಒಬ್ಬರ ಹುಲ್ಲನ್ನು ಇನ್ನೊಬ್ಬರು ಒಂದು ದಿನವೂ ಮೆಟ್ಟಿರಲಿಲ್ಲ.

ಹಿಂದಿನ ಎರಡು ವರ್ಷವೂ ಜಿಂಕೆ ಬೂಚಯ್ಯನ ಅಂಗಳದಲ್ಲೇ ಮಲಗಿತ್ತು. ಜಿಂಕೆಗೆ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದು ದೇವೀರಿ ಎಲ್ಲರಿಗೂ ಹೇಳಿಕೊಂಡು ಬಂದಳು. ಒಳಗೊಳಗೇ ಮಾತ್ರ ಉರಿಯುತ್ತಿತ್ತು.

ಹುಣ್ಣಿಮೆಗೆ ಇನ್ನು ಹನ್ನೆರಡು ದಿನ ಇತ್ತು. ಆ ಬೆಳಗ್ಗೆ ಬೂಚಯ್ಯ, ಈ ಸಲವೂ ಜಿಂಕೆ ನಮ್ಮಲ್ಲೇ, ನೀನು ಸುಮ್ಮನೆ ಬುಟ್ಟಿ ಹೆಣೆದುಕೊಂಡಿರು ಎಂದು ನಗುತ್ತಾ ಹೋದ. ಮಧ್ಯಾಹ್ನ ದೇವೀರಿಯ ಬಾಗಿಲಿಗೆ ಒಬ್ಬ ಮುದುಕ ಬಂದು ದೊಡ್ಡ ಬುಟ್ಟಿ ಕೊಂಡ. ಅವನು ಬರಡಾಕ್ಷನೆಂಬ ಮಾಂತ್ರಿಕ. ಅವನು ನಡೆದು ಹೋದ ಮೇಲೆ ದಾರಿಯ ಹಸಿರು ಒಣಗುತ್ತಿತ್ತು. ಅವಳಿಗೆ ಅದು ತಿಳಿಯಲಿಲ್ಲ. ಬುಟ್ಟಿಗೆ ಬದಲು ಏನು ಬೇಕೋ ಕೇಳು ಎಂದ ಅವನು.

ದೇವೀರಿ ಬಿದಿರು ಸೀಳುತ್ತಲೇ, ತಲೆ ಎತ್ತದೆ ಹೇಳಿದಳು. "ಪಕ್ಕದ ಮನೆ ಹುಲ್ಲು ಇಲ್ಲದಂಗಾದ್ರೆ ಸಾಕು, ಇನ್ನೇನೂ ಬೇಡ."

ಮುದುಕ ನಕ್ಕು ಬುಟ್ಟಿ ಎತ್ತಿಕೊಂಡು ಹೋದ.

ಮರುದಿನ ಬೆಳಗ್ಗೆ ಬೂಚಯ್ಯನ ಅಂಗಳದಲ್ಲಿ ಬರೀ ಕೆಮ್ಮಣ್ಣು. ಒಂದೆಸಳು ಹುಲ್ಲಿಲ್ಲ. ದೇವೀರಿ ಗೋಡೆಯ ಬಳಿಗೆ ಓಡಿದಳು. ಬೂಚಯ್ಯ ಹೊರಗೆ ಬಂದು, ಏನೂ ಆಗದವನಂತೆ ಆ ಮಣ್ಣಿನ ಮೇಲೆ ಚಾಪೆ ಹಾಸಿ ಎಳ್ಳು ಒಣಗಲು ಹರವಿದ.

"ಬೂಚಣ್ಣ, ಹುಲ್ಲೆಲ್ಲಿ?"

"ಯಾವ ಹುಲ್ಲು?" ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವು ಯಾರು ತಾಯಿ? ಈ ಬೀದಿಗೆ ಹೊಸಬರಾ?"

ಅವನು ಅವಳಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು. ದೇವೀರಿ ಗೋಡೆಯಾಚೆಯಿಂದಲೇ ಪುಟ್ಟಗೌರಿಯನ್ನು ಕೂಗಿದಳು.

ಪುಟ್ಟಗೌರಿ ಅಳುತ್ತಾ ವಿಷಯ ಹೇಳಿದಳು. ಅವನಿಗೆ ಗಾಣ ನೆನಪಿದೆ, ಎತ್ತುಗಳ ಹೆಸರು ನೆನಪಿದೆ, ಮದುವೆಯಲ್ಲಿ ಬಡಿಸಿದ ಪಾಯಸವೂ ನೆನಪಿದೆ. ಹುಲ್ಲು ಮತ್ತು ಹುಲ್ಲಿಗೆ ಸಂಬಂಧಪಟ್ಟದ್ದು ಮಾತ್ರ ಬೇರು ಸಮೇತ ಹೋಗಿದೆ. ದೇವೀರಿಗೆ ಆಗ ಅರ್ಥವಾಯಿತು. ಅವರಿಬ್ಬರ ನಡುವೆ ಹುಲ್ಲಿನ ಮಾತು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹುಲ್ಲು ಹೋಗುವಾಗ ಅವಳೂ ಅದರ ಜೊತೆಗೇ ಹೋಗಿದ್ದಳು.

ಎರಡು ದಿನ ಅವಳು ತನ್ನ ಅಂಗಳದಲ್ಲಿ ಕೂತಳು. ಈಗ ಬೀದಿಯಲ್ಲಿ ಅವಳದೊಂದೇ ಹುಲ್ಲು. ಜಿಂಕೆ ಇನ್ನೆಲ್ಲಿಗೆ ಹೋದೀತು? ಆದರೂ ಅವಳಿಗೆ ಬಿಂದಿಗೆ ಎತ್ತಲು ಮನಸ್ಸಾಗಲಿಲ್ಲ. ಚೆನ್ನಾಗಿಲ್ಲ ಎನ್ನುವವನಿಲ್ಲದ ಮೇಲೆ ಚೆನ್ನಾಗಿದ್ದು ಏನು ಮಾಡಬೇಕು? ಮೂರನೆಯ ದಿನ ಅವಳು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿ ಕೊಂಡ ಆ ಮುದುಕನನ್ನು ಹುಡುಕಲು ಹೊರಟಳು. ತಾನು ಹೋದರೆ ಹುಲ್ಲಿಗೆ ನೀರಿಲ್ಲ, ಚೈತ್ರದ ಬಿಸಿಲಿಗೆ ಅದು ಉಳಿಯುವುದಿಲ್ಲ, ಈ ವರ್ಷದ ಜಿಂಕೆ ತನಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವ ಮುಂಚೆ ಬೂಚಯ್ಯನ ಮುಖವನ್ನೊಮ್ಮೆ ನೋಡಬೇಕೆನಿಸಿತು. ಸುಮ್ಮನೆ ಹೋಗಿ ನಿಂತರೆ ಏನಂದುಕೊಂಡಾನು ಎಂದು ಒಂದು ಉಂಡೆ ಹೊಂಗೆ ಹಿಂಡಿ ಕೇಳಿದಳು. ಹುಳ ಓಡಿಸಲು ಒಳ್ಳೆಯದು ತಾಯಿ ಎಂದು ಅವನು ಗಿರಾಕಿಗೆ ಕೊಡುವಂತೆ ಕೊಟ್ಟ.

ಮಾಂತ್ರಿಕ ನಡೆದ ದಾರಿ ಒಣಗಿ ಬೆಳ್ಳಗೆ ಗೆರೆ ಎಳೆದಂತಿತ್ತು. ಆ ಗೆರೆ ಹಿಡಿದು ನಾಲ್ಕು ದಿನ ನಡೆದಳು.

ಮೊದಲು ಎದುರಾದದ್ದು ಜೇಕಿನ ಕಾಡು. ಹೊಲಗದ್ದೆಯಲ್ಲಿ ಗೇಣುದ್ದ ಬೆಳೆದು ರೈತರ ಜೀವ ತಿನ್ನುವ ಜೇಕು ಅಲ್ಲಿ ತೆಂಗಿನ ಮರದಷ್ಟು ಎತ್ತರ ಬೆಳೆದಿತ್ತು. ದೇವೀರಿ ಕತ್ತಿ ಬೀಸಿದಳು. ಒಂದು ಬಿತ್ತು, ಎರಡು ಎದ್ದವು. ಎರಡು ಬಿದ್ದವು, ನಾಲ್ಕು ಎದ್ದವು. ನಿಂತಲ್ಲೇ ಮುಚ್ಚಿಹೋಗುವ ಹಾಗಾದಾಗ, ಗಡ್ಡೆ ಯಾರು ಕೀಳುತ್ತಾರೆ ಎಂಬ ಬೂಚಯ್ಯನ ಮಾತು ನೆನಪಾಯಿತು. ಕೂತು ಮಣ್ಣು ಬಗೆದಳು. ಮೊಣಕೈ ಆಳದಲ್ಲಿ ಕುಂಬಳಕಾಯಿ ಗಾತ್ರದ ಒಂದೇ ಒಂದು ತಾಯಿಗಡ್ಡೆ ಸಿಕ್ಕಿತು. ಕಿತ್ತು ಎಸೆದಳು. ಕಾಡಿಗೆ ಕಾಡೇ ನೆಲಕ್ಕೆ ಮಲಗಿತು.

ಎರಡನೆಯದಾಗಿ ಗೆದ್ದಲಿನ ಹುಲಿ ಬಂತು. ಲಕ್ಷಾಂತರ ಗೆದ್ದಲು ಒಂದರ ಮೇಲೊಂದು ಹತ್ತಿ ಹುಲಿಯಾಗಿ ನಡೆಯುತ್ತಿದ್ದವು. ಕತ್ತಿಯಿಂದ ಹೊಡೆದರೆ ಹೊಟ್ಟೆಯಲ್ಲಿ ತೂತು ಬಿದ್ದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದು ಕತ್ತಿಯ ಮರದ ಹಿಡಿಯನ್ನು ಒಂದೇ ತುತ್ತಿಗೆ ತಿಂದಿತು. ದೇವೀರಿ ಹಿಂಡಿಯ ಉಂಡೆಯನ್ನು ಪುಡಿ ಮಾಡಿ ತನ್ನ ಸುತ್ತ ಚೆಲ್ಲಿ, ಉಳಿದದ್ದನ್ನು ಹುಲಿಯ ಮೂತಿಗೆ ಎರಚಿದಳು. ನಾತ ಮೂಗಿಗೆ ಬಡಿದದ್ದೇ ತಡ, ಹುಲಿ ಕಾಲಿನಿಂದ ಉದುರತೊಡಗಿತು. ತಲೆ ಕೊನೆಗೆ ಉದುರಿತು. ಇಪ್ಪತ್ತೆರಡು ವರ್ಷ ಬೈದಿದ್ದ ಆ ನಾತವನ್ನು ಅವಳು ಮೊದಲ ಸಲ ಎದೆ ತುಂಬ ಎಳೆದುಕೊಂಡಳು.

ಮೂರನೆಯದು ಬರಡಾಕ್ಷನ ಮನೆ. ಬಟ್ಟ ಬಯಲಿನ ನಡುವೆ ದೊಡ್ಡ ಕೋಣೆ. ಅದರೊಳಗೆ ನೂರಾರು ಹುಲ್ಲಂಗಳಗಳನ್ನು ಚಾಪೆಯಂತೆ ಸುರುಳಿ ಸುತ್ತಿ ನಿಲ್ಲಿಸಿದ್ದ. ಮಾಂತ್ರಿಕ ಅವಳನ್ನು ಕಂಡು ಕೋಪಗೊಳ್ಳಲಿಲ್ಲ. ಅವನಿಗೆ ಆಶ್ಚರ್ಯವೇ ಆಯಿತು.

"ಇಷ್ಟು ಜನರ ಹುಲ್ಲು ತಂದಿದ್ದೇನೆ, ಕೇಳಿಕೊಂಡು ಬಂದವಳು ನೀನೊಬ್ಬಳೇ," ಎಂದ. "ನೆರೆಯವರ ಬಾಯಿಂದ ಮಾತು ಬೀಳದೆ ನಾನು ಯಾರ ಅಂಗಳದ ಒಂದೆಸಳನ್ನೂ ಮುಟ್ಟಲಾರೆ. ಮಾತು ನೀನು ಕೊಟ್ಟೆ, ಹುಲ್ಲು ನಾನು ಎತ್ತಿ ತಂದೆ. ಬಿಡಿಸಬೇಕಾದರೂ ಕೊಟ್ಟ ಬಾಯೇ ಬಿಡಿಸಬೇಕು. ಅವನ ಹುಲ್ಲು ನಿನ್ನದಕ್ಕಿಂತ ಮೇಲು ಎಂದು ಹೇಳು. ಮಾತು ನಿಜವಾದರೆ ಸುರುಳಿ ಬಿಚ್ಚುತ್ತದೆ. ಮೂರು ಸಲ ಹೇಳಬಹುದು. ಬಿಚ್ಚದಿದ್ದರೆ ನಿನ್ನ ಹುಲ್ಲೂ ನನ್ನದೇ."

ದೇವೀರಿ ಸುರುಳಿಗಳ ನಡುವೆ ಓಡಾಡಿದಳು. ಒಂದರ ಅಂಚಿನಿಂದ ಹುಳಿಸೊಪ್ಪಿನ ಎಲೆಯೊಂದು ಇಣುಕುತ್ತಿತ್ತು. ಅದನ್ನು ನೆಲಕ್ಕೆ ಕೆಡವಿ ಅದರ ಮುಂದೆ ನಿಂತಳು. ಅವನ ಹುಲ್ಲು ಮೇಲು ಎಂದು ಒಂದೇ ಉಸಿರಿಗೆ ಒದರಿದಳು. ಸುರುಳಿ ಅಲ್ಲಾಡಲಿಲ್ಲ. ಹೇಳಿದ ಮಾತು ನಾಲಿಗೆಯದಷ್ಟೇ, ಎದೆಯದಾಗಿರಲಿಲ್ಲ. ಎರಡನೆಯ ಸಲ ಯೋಚಿಸಿ, ಇಬ್ಬರದೂ ಸಮ, ಒಂದೊಂದು ಕಡೆ ಅವನದು ಒಂದು ಕೈ ಮೇಲು ಎಂದಳು. ಸುರುಳಿ ಒಂದು ಗೇಣು ಬಿಚ್ಚಿ ನಿಂತಿತು.

ಬಿಚ್ಚಿದ ಆ ಒಂದು ಗೇಣು ಹುಲ್ಲನ್ನು ನೋಡುತ್ತಾ ನಿಂತವಳಿಗೆ ಏನನ್ನಿಸಿತೋ, ಬರಿಗಾಲನ್ನು ಅದರ ಮೇಲಿಟ್ಟಳು. ನಾಲ್ಕು ದಿನ ಕಾದ ನೆಲದಲ್ಲಿ ನಡೆದು ಬೊಬ್ಬೆ ಎದ್ದ ಕಾಲು ಅದು. ಹುಲ್ಲು ಮೆತ್ತಗೆ, ತಣ್ಣಗೆ, ದಟ್ಟವಾಗಿ ಕಾಲನ್ನು ಎತ್ತಿಕೊಂಡಿತು. ಅವಳ ಹುಲ್ಲು ನೋಡಲು ಚೆಂದವಿತ್ತು, ಮೆಟ್ಟಿದರೆ ಚುಚ್ಚುತ್ತಿತ್ತು. ದೇವೀರಿ ಅಲ್ಲೇ ಕೂತಳು. ಕಣ್ಣೀರು ಬಂತು, ಅವಳು ಒರೆಸಿಕೊಳ್ಳಲಿಲ್ಲ.

"ಇದು ನಂದಕ್ಕಿಂತ ಮೇಲು," ಎಂದಳು. "ಜಿಂಕೆಗೆ ಕಣ್ಣು ಚೆನ್ನಾಗೇ ಕಾಣ್ತದೆ. ಬೆಳಗ್ಗೆ ಎದ್ದು ನನ್ನ ಹುಲ್ಲು ನೋಡೋಕೆ ಮುಂಚೆ ನಾನು ಇದನ್ನೇ ನೋಡ್ತಿದ್ದೆ. ಹೊಟ್ಟೆ ಉರೀತಿತ್ತು, ಅದಕ್ಕೇ ಹಂಗಂದೆ. ಇದಿಲ್ದೆ ನನಗೆ ಬಿಂದಿಗೆ ಎತ್ತೋಕೂ ಕೈ ಬರ್ತಿಲ್ಲ."

ಸುರುಳಿ ಬಿಚ್ಚಿತು. ಅದು ಬಿಚ್ಚುವ ರಭಸಕ್ಕೆ ಪಕ್ಕದ ಸುರುಳಿ ಬಿತ್ತು, ಅದು ಬಿದ್ದು ಇನ್ನೊಂದು ಬಿತ್ತು. ಗೋಡೆಗೆ ಒರಗಿದ್ದ ನೂರಾರು ಹುಲ್ಲಂಗಳಗಳು ಉರುಳಿ, ಬಿಚ್ಚಿ, ಗೋಡೆಯನ್ನು ಒಡೆದು ಹೊರಗೆ ಹಾರಿದವು. ಆಕಾಶದ ತುಂಬ ಹಸಿರು ಚಾಪೆಗಳು ತಂತಮ್ಮ ಊರಿಗೆ ಹೋಗುತ್ತಿದ್ದವು. ನೆರೆಯವರ ಹೊಟ್ಟೆಕಿಚ್ಚಿನ ಮಾತಿನ ಬಲದಿಂದ ಬದುಕಿದ್ದ ಮಾಂತ್ರಿಕನ ಮಾಯೆ ಆ ಒಂದು ನಿಜದ ಮಾತಿಗೆ ಪೂರ್ತಿ ಕರಗಿತು. ಉಳಿದವನು ಒಬ್ಬ ಸಾಧಾರಣ ಮುದುಕ. ಹಾರುವಾಗ ಉದುರಿದ ಗರಿಕೆಯ ತುಂಡುಗಳು ಅವನ ಬಯಲಿನಲ್ಲೂ ಬೇರು ಬಿಟ್ಟವು, ಅವನು ಅವಕ್ಕೆ ನೀರು ಹಾಕುವುದನ್ನು ಕಲಿತ ಎಂದು ಆ ದಾರಿಯಲ್ಲಿ ಬಂದವರು ಹೇಳುತ್ತಾರೆ.

ದೇವೀರಿ ಮನೆ ಮುಟ್ಟಿದಾಗ ಮರುದಿನವೇ ಹುಣ್ಣಿಮೆ. ಅವಳ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಕೆದರಿತ್ತು. ಗೋಡೆಯಾಚೆ ಬೂಚಯ್ಯನ ಹುಲ್ಲು ತನ್ನ ಜಾಗದಲ್ಲಿತ್ತು. ಬೂಚಯ್ಯನೂ ಇದ್ದ.

"ಎಲ್ಲಿಗೆ ಹೋಗಿದ್ದೆ ದೇವೀರಿ? ಹುಲ್ಲು ನೋಡು, ಕೋಳಿ ಕೆದರಿದಂಗಾಗಿದೆ."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಮಾಂತ್ರಿಕನ ಮೇಲೆ ತಪ್ಪು ಹೊರಿಸಬಹುದಿತ್ತು, ಹೊರಿಸಲಿಲ್ಲ. ಆ ಮಾತು ಆಡಿದವಳು ನಾನೇ ಎಂದಳು. ಬೂಚಯ್ಯ ಗೋಡೆಯ ಮೇಲಿನ ಮಣ್ಣು ಕೆರೆಯತೊಡಗಿದ. ಅವನು ಇನ್ನು ತನ್ನೊಡನೆ ಮಾತಾಡುವುದಿಲ್ಲ ಎಂದೇ ಅವಳು ಅಂದುಕೊಂಡಳು.

"ನಿನ್ನ ಹುಲ್ಲು ಹಾಳಾಗ್ಲಿ ಅಂತ ನಾನೂ ಎಷ್ಟೋ ಸಲ ಅಂದ್ಕೊಂಡಿದ್ದೀನಿ, ತಂಗಿ," ಎಂದ ಅವನು. "ಅವನು ಬುಟ್ಟಿ ಕೊಳ್ಳೋಕೆ ಬಂದ. ಎಣ್ಣೆ ಕೊಳ್ಳೋಕೆ ಬಂದಿದ್ರೆ ನಾನೂ ಹೇಳಿರ್ತಿದ್ದೆ."

ಮರುದಿನ ಮಧ್ಯಾಹ್ನ ಬೆಳ್ಳಿ ಜಿಂಕೆ ಇಳಿದು ಬಂತು. ದೇವೀರಿಯ ಒಣಹುಲ್ಲನ್ನು ಒಮ್ಮೆ ಮೂಸಿ, ಗೋಡೆ ಹಾರಿ, ಬೂಚಯ್ಯನ ಅಂಗಳದಲ್ಲಿ ಮಲಗಿತು. ಈ ಸಲವೂ ತನಗಿಲ್ಲವಲ್ಲ ಎಂದು ದೇವೀರಿಗೆ ಅನ್ನಿಸಿದ್ದು ನಿಜ. ಆದರೂ ಅವಳು ಗೋಡೆ ಬಳಸಿ ಒಳಗೆ ಹೋಗಿ, ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಿಂತು, ಪುಟ್ಟಗೌರಿಗೂ ಜಿಂಕೆಗೂ ಕೇಳುವಂತೆ ಹೇಳಿದಳು. "ಬೂಚಣ್ಣ, ನಿನ್ನ ಹುಲ್ಲು ಮೇಲು."

ಬೂಚಯ್ಯ ಮುಖ ತಿರುಗಿಸಿಕೊಂಡು ಒಳಗೆ ಹೋದ. ಹೊರಗೆ ಬರುವಾಗ ಅವನ ಕೈಯಲ್ಲಿ ಒಂದು ಮೂಟೆ ಹಿಂಡಿ ಇತ್ತು. ಅದನ್ನು ಹೊತ್ತು ಸೀದಾ ಅವಳ ಅಂಗಳಕ್ಕೆ ನಡೆದು, ಒಣಗಿದ ಗರಿಕೆಯ ನಡುವೆ ಕೂತು, ಬೇರು ಇನ್ನೂ ಬದುಕಿದೆಯೇ ಎಂದು ಬೆರಳಿನಿಂದ ಮಣ್ಣು ಸರಿಸಿ ನೋಡತೊಡಗಿದ. ಬೇರು ಬದುಕಿತ್ತು.

ಅವರ ಅಂಗಳಗಳು ಹಸಿರಾಗಿದ್ದವು, ಅವರ ಜಗಳ ಹಸಿರಾಗಿತ್ತು, ಅವರು ಬಹುಕಾಲ ಸುಖವಾಗಿ ಬಾಳಿದರು. ಕತೆ ಕೇಳಿದ ನಿಮ್ಮ ಅಂಗಳವೂ, ನಿಮ್ಮ ಪಕ್ಕದವರ ಅಂಗಳವೂ ಹಾಗೆಯೇ ಇರಲಿ.