ಒಂಬತ್ತು ಹತ್ತಕ್ಕೆ ಅಳಿಸಿಹೋದ ಆರ್ಡರ್‌ಗಳು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕ್ಲೂಜ್ ನಗರದ ಔಷಧ ಕಂಪನಿಯೊಂದರಲ್ಲಿ ಅರವತ್ತು ಆಸ್ಪತ್ರೆಗಳ ಆರ್ಡರ್‌ಗಳು ಒಟ್ಟಿಗೆ ಅಳಿಸಿಹೋದವು. ಗೋದಾಮಿನಲ್ಲಿ ವ್ಯಾನುಗಳು ನಿಂತವು. ಝಲಾವಿನ ಆಸ್ಪತ್ರೆಯಲ್ಲಿ ಇನ್ಸುಲಿನ್ ಸಂಜೆಯವರೆಗೆ ಮಾತ್ರ ಇತ್ತು.

ಇನ್‌ಸ್ಪೆಕ್ಟರ್ ಇಲಿಂಕಾ ಮುರೆಶಾನ್ ಬರುವಷ್ಟರಲ್ಲಿ ಕಂಪನಿಯವರು ಅಪರಾಧಿಯನ್ನೂ ಹುಡುಕಿ ಮುಗಿಸಿದ್ದರು!

"ಡೊಯ್ನಾ ಹೊಸು," ಎಂದ ತುದೋರ್ ವ್ಲಾಸ್ಕು. ಹೊಸ ವ್ಯವಸ್ಥೆಯ ಮುಖ್ಯಸ್ಥ. "ಅಳಿಸಿದ್ದು ಅವಳ ಪಾಸ್‌ವರ್ಡ್‌ನಿಂದ. ಆರ್ಡರ್‌ಗಳ ಹಳೇ ಪ್ರೋಗ್ರಾಂ ಅವಳ ಕೂಸು. ನಾನು ಅದನ್ನ ಒಡೆದು ನಲವತ್ತು ಸಣ್ಣ ಪ್ರೋಗ್ರಾಂ ಮಾಡ್ತಿದೀನಿ. ಹೊಟ್ಟೆಕಿಚ್ಚು, ಮೇಡಂ."

"ಒಡೆಯೋದು ಯಾಕೆ?"

"ಹಳೇದು ಒಂದು ಕಡೆ ಕೆಟ್ರೆ ಪೂರ್ತಿ ನಿಲ್ಲುತ್ತೆ. ನನ್ನ ಒಂದೊಂದು ತುಂಡೂ ಸ್ವತಂತ್ರ. ತನ್ನ ಮಾಹಿತಿ ತಾನೇ ಇಟ್ಕೊಳ್ಳುತ್ತೆ. ಪೊಲೀಸರಿಗೆ ಅರ್ಥ ಆಗೋದು ಕಷ್ಟ ಬಿಡಿ."

ಆರು ತಿಂಗಳಲ್ಲಿ ಅವನು ಬರೆದ ಪ್ರೋಗ್ರಾಂಗಳಿಗಿಂತ ಗೋಡೆಗೆ ಅಂಟಿಸಿದ ಬಣ್ಣದ ಚೀಟಿಗಳೇ ಹೆಚ್ಚು. ನಿರ್ದೇಶಕ ಗಾವ್ರಿಲ್ ಮಾತ್ರ ಅವನು ಕೆಮ್ಮಿದರೂ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ.

\* \* \*

ಐವತ್ತೆಂಟರ ಡೊಯ್ನಾಳನ್ನು ಕಾವಲುಗಾರನ ಕೋಣೆಯಲ್ಲಿ ಕೂರಿಸಿದ್ದರು.

"ಒಂಬತ್ತು ಹತ್ತಕ್ಕೆ ಎಲ್ಲಿದ್ರಿ?"

"ಗೋದಾಮಲ್ಲಿ, ಫೋನಲ್ಲಿ. ಹತ್ತು ಜನ ನೋಡಿದಾರೆ. ಯಾರೂ ಕೇಳಲಿಲ್ಲ."

"ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತು?"

"ಹೋದ ತಿಂಗಳು ವ್ಲಾಸ್ಕು ಬರೆಸ್ಕೊಂಡ. ಅವನ ತಂಡದ ಆರು ಜನಕ್ಕೂ ಗೊತ್ತಿರಬಹುದು."

"ಅವನ ಹೊಸ ಆರ್ಡರ್ ಪ್ರೋಗ್ರಾಂ ಕೂಡ ಖಾಲಿ ತೋರಿಸ್ತಿದೆ. ಅದು ಖಾಲಿಯಾಗಿದ್ದು ಎಷ್ಟು ಹೊತ್ತಿಗೆ?"

"ಅದೂ ಒಂಬತ್ತು ಹತ್ತಕ್ಕೇ..." ಡೊಯ್ನಾ ಥಟ್ಟನೆ ನಿಲ್ಲಿಸಿದಳು. ನಿಧಾನವಾಗಿ ಅವಳ ಕಣ್ಣು ಅರಳಿತು. "ಅಯ್ಯೋ, ಕಳ್ಳ!"

\* \* \*

ಸಭಾಕೋಣೆಗೆ ಎಲ್ಲರನ್ನೂ ಕರೆಸಲಾಯಿತು.

"ಅಳಿಸಿದ್ದು ಹಳೇ ಪ್ರೋಗ್ರಾಂನಲ್ಲಿ ಮಾತ್ರ, ವ್ಲಾಸ್ಕು ಅವರೇ," ಎಂದಳು ಇಲಿಂಕಾ. "ನಿಮ್ಮದು ಸ್ವತಂತ್ರ ಅಲ್ವಾ? ಹಾಗಾದ್ರೆ ಅದರಲ್ಲಿ ಆರ್ಡರ್‌ಗಳು ಯಾಕೆ ಉಳೀಲಿಲ್ಲ?"

ಅವನು ಟೈ ಸರಿಮಾಡಿಕೊಂಡ.

"ಯಾಕಂದ್ರೆ ಅದರಲ್ಲಿ ಏನೂ ಇರಲೇ ಇಲ್ಲ," ಎಂದು ಇಲಿಂಕಾಳೇ ಮುಂದುವರಿಸಿದಳು. " ಪ್ರತಿ ಸಲ ಹಳೇದನ್ನೇ ಕೇಳಿ, ಅದು ಹೇಳಿದ್ದನ್ನೇ ಬಣ್ಣ ಬಳಿದು ತೋರಿಸ್ತಿತ್ತು. ಇವತ್ತು ಹನ್ನೆರಡಕ್ಕೆ ನಿರ್ದೇಶಕರ ಮುಂದೆ ಹಳೇದನ್ನ ಆಫ್ ಮಾಡಬೇಕಿತ್ತು. ಆಗ ನಿಮ್ಮ ಬಂಡವಾಳ ಬಯಲಾಗ್ತಿತ್ತು. ಅದಕ್ಕೇ ಮೊದಲೇ ಅಳಿಸಿ ಡೊಯ್ನಾ ಅವರ ತಲೆಗೆ ಕಟ್ಟಿದ್ರಿ."

"ನನ್ನ ತಂಡದವರು ಯಾರಾದ್ರೂ..."

"ಅಳಿಸಿದ್ದು ಈ ಕೋಣೆಯ ಕಂಪ್ಯೂಟರ್‌ನಿಂದ. ಬಾಗಿಲು ತೆರೆದದ್ದು ನಿಮ್ಮ ಕಾರ್ಡ್. ನಿಮ್ಮ ತಂಡ ಆಫೀಸಿಗೆ ಬಂದಿದ್ದೇ ಒಂಬತ್ತೂವರೆಗೆ. ರೋಗಿಗಳ ಗತಿ ಏನು ಅಂತ ಯೋಚಿಸಲಿಲ್ವಾ?"

"ಒಂದು ದಿನದ ತೊಂದರೆ ಅಷ್ಟೇ, ಮೇಡಂ..."

"ಥೂ! ನಡೀರಿ."

\* \* \*

ಹಿಂದಿನ ದಿನ ತೆಗೆದಿಟ್ಟಿದ್ದ ಆರ್ಡರ್‌ಗಳ ಪ್ರತಿಯನ್ನು ಡೊಯ್ನಾ ಮತ್ತೆ ಪ್ರೋಗ್ರಾಂಗೆ ಹಾಕಿದಳು. ಉಳಿದದ್ದನ್ನು ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನ್ ಮಾಡಿ ಬರೆದುಕೊಂಡಳು. ಮಧ್ಯಾಹ್ನ ಎರಡು ಗಂಟೆಗೆ ಝಲಾವಿನ ವ್ಯಾನ್ ಹೊರಟಿತು.

ಗಾವ್ರಿಲ್ ಕೈ ಹಿಸುಕಿಕೊಳ್ಳುತ್ತ ಬಂದ. "ತಪ್ಪಾಯ್ತು, ಡೊಯ್ನಾ. ಈ ಒಡೆಯೋ ಕೆಲಸ ಇನ್ನು ಸಾಕು. ನಿಮ್ಮ ಹಳೇದೇ ಇರಲಿ."

"ಬೇಡ ಸಾರ್, ಒಡೀಲೇಬೇಕು. ನಾನೊಬ್ಬಳು ಕಾಯಿಲೆ ಬಿದ್ರೆ ನಿಂತುಹೋಗೋ ಪ್ರೋಗ್ರಾಂ ಅದು. ಐದು ವರ್ಷದ ಹಿಂದೇನೇ ಬರೆದುಕೊಟ್ಟಿದ್ದೆ, ಹೇಗೆ ಒಡೀಬೇಕು ಅಂತಾನೂ." ಅವಳು ಅವನ ಮುಖವನ್ನೂ ನೋಡಲಿಲ್ಲ. "ನೀವು ಓದಲೇ ಇಲ್ಲ."